ಹುಣಿಸೆಬೀಜದ ಗಂಜಿಯೂ ಸಕ್ಕರೆಯ ಸರಪಳಿಯೂ

ನಮ್ಮ ವಾಚನಾಲಯದ ಪ್ರಶ್ನೆಪುಸ್ತಕದಲ್ಲಿ ಈಚೆಗೆ ಒಂದೇ ಪ್ರಶ್ನೆ ಬೇರೆ ಬೇರೆ ಕೈಬರಹಗಳಲ್ಲಿ ಬಂದಿದೆ. ಹುಣಿಸೆಬೀಜದ ಪುಡಿಯನ್ನು ಹಾಲಿನಲ್ಲಿ ಕದಡಿ ಕುಡಿದರೆ ಮೊಣಕಾಲಿನ ನೋವು ಹೋಗುವುದೆ? ಬೀಜದಲ್ಲಿರುವ ಅಂಟು ಸವೆದ ಕೀಲಿಗೆ ಹೋಗಿ, ಯಂತ್ರಕ್ಕೆ ಎಣ್ಣೆ ಬಿಟ್ಟಂತೆ, ಅಲ್ಲಿ ನಿಲ್ಲುವುದೆಂದು ಪುಡಿ ಮಾರುವವರು ಹೇಳುತ್ತಾರೆ, ಇದು ನಿಜವೆ? ಕೇಳಿದವರಲ್ಲಿ ಹೆಚ್ಚಿನವರು ದಿನದ ಎಂಟು ಹತ್ತು ತಾಸು ನಿಂತು ದುಡಿಯುವವರು. ಪೊಟ್ಟಣಕ್ಕೆ ಅವರು ಕೊಡುವ ಹಣ ಊರಿಗೆ ಕಳಿಸಬೇಕಾದ ಹಣದೊಳಗಿನದೇ.

ಹೌದು ಅಥವಾ ಅಲ್ಲ ಎಂದು ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಾಗಿತ್ತು. ಆದರೆ ಕಾರಣ ತಿಳಿಯದೆ ನಮ್ಮ ಮಾತನ್ನು ನಂಬುವುದಕ್ಕೂ ಪುಡಿ ಮಾರುವವನ ಮಾತನ್ನು ನಂಬುವುದಕ್ಕೂ ಏನು ವ್ಯತ್ಯಾಸ? ಆದುದರಿಂದ ಈ ಸಲದ ಪಾಠಕ್ಕೆ ಹುಣಿಸೆಬೀಜವನ್ನೇ ತೆಗೆದುಕೊಂಡಿದ್ದೇವೆ. ಆ ಅಂಟು ಯಾವ ವಸ್ತು, ಅದರ ಅಣುವಿನ ಕಟ್ಟಡ ಹೇಗಿದೆ ಎಂಬುದನ್ನು ತಿಳಿದರೆ ಉತ್ತರ ತಾನಾಗಿಯೇ ಹೊರಬೀಳುವುದು. ಗಿರಣಿಯ ಕಚೇರಿಯಲ್ಲಿ ಲೆಕ್ಕ ಬರೆಯುತ್ತ ಮೆಟ್ರಿಕ್ ತನಕ ಓದಿದ ನಮ್ಮಂಥವರಿಗೂ ಅರ್ಥವಾಗುವಷ್ಟನ್ನೇ ಇಲ್ಲಿ ಬರೆದಿದೆ.

ಹುಣಿಸೆಬೀಜ ನಮಗೆ ಹೊಸ ವಸ್ತುವಲ್ಲ. ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ಕವಡೆಯ ಬದಲು ಹಾಕಿ ಚೌಕಾಬಾರ ಆಡದ ಹುಡುಗ ಹುಡುಗಿಯರು ನಮ್ಮ ಊರುಗಳಲ್ಲಿ ಕಡಿಮೆ. ಇಲ್ಲಿಯ ನೆರೆಯವರು ಇದನ್ನು ಚಿಂಚೋಕೆ ಎನ್ನುತ್ತಾರೆ. ಹಣ್ಣಿನ ತಿರುಳು ಮಲವನ್ನು ಸಡಿಲಿಸುವ ಮದ್ದೆಂದೂ, ಬೀಜದ ಪುಡಿ ಭೇದಿಯನ್ನು ಕಟ್ಟುವ ಮದ್ದೆಂದೂ ಮನೆಯ ಹಿರಿಯರಿಗೆ ಗೊತ್ತು. ಒಂದೇ ಕಾಯಿಯೊಳಗೆ ಎರಡು ವಿರುದ್ಧ ಗುಣ! ಇನ್ನು ಚಳ್ಳಕೆರೆಯ ಕಡೆಯವರು ಹಟ್ಟಿಗಳಲ್ಲಿ ಕಂಡಿರಬಹುದು: ಕಂಬಳಿ ನೇಯುವ ಕುರುಬರು ಉಣ್ಣೆಯ ಹಾಸಿಗೆ ಹುಣಿಸೆಬೀಜದ ಗಂಜಿಯನ್ನು ಬಳಿದು ಬಿಸಿಲಿಗೆ ಒಣಗಿಸುತ್ತಾರೆ. ಕೊಪ್ಪಳದ ಬಳಿಯ ಕಿನ್ನಾಳದಲ್ಲಿ ಮರದ ಗೊಂಬೆಯ ಭಾಗಗಳನ್ನು ಕೂಡಿಸುವ ಅಂಟಿಗೂ ಇದೇ ಬೀಜ ಬೇಕು. ಗಿರಣಿಗಳ ಮಾತಿಗೆ ಬಂದರೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಹತ್ತಿಯ ನೂಲಿಗೆ ಹಾಕುವ ಪಿಷ್ಟದ ಬದಲಿಗೆಂದು ಹುಣಿಸೆಬೀಜದ ಪುಡಿಯನ್ನು ನಮ್ಮ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸತೊಡಗಿದರು. ನಮ್ಮ ವಾಚನಾಲಯಕ್ಕೆ ಬರುವ ಹಿರಿಯರಲ್ಲಿ, 1982ರ ಮುಷ್ಕರಕ್ಕೆ ಮೊದಲು ಸೈಜಿಂಗ್ ಖಾತೆಯಲ್ಲಿ ದುಡಿದವರುಂಟು. ಗಂಜಿ ಎಂದರೇನೆಂಬುದನ್ನು ಅವರಿಗೆ ನಾವು ಹೇಳಬೇಕಾದುದಿಲ್ಲ.

ಬೀಜದಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಂದು ಸಿಪ್ಪೆ, ಉಳಿದದ್ದು ಬಿಳಿಯ ಬೇಳೆ. ಸಿಪ್ಪೆಯಲ್ಲಿ ಒಗರಾದ ಟ್ಯಾನಿನ್ ಹೆಚ್ಚಾಗಿದೆ. ಮನೆಮದ್ದಿನಲ್ಲಿ ಭೇದಿ ಕಟ್ಟುವ ಗುಣಕ್ಕೆ ಅದು ಒಂದು ಕಾರಣ. ಬೇಳೆಯಲ್ಲಿ ನೂರಕ್ಕೆ 55ರಿಂದ 65ರಷ್ಟು ಅಂಟು, 15ರಿಂದ 20ರಷ್ಟು ಪ್ರೋಟೀನು, ಏಳೆಂಟರಷ್ಟು ಎಣ್ಣೆ ಇವೆ. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೇಳೆಯನ್ನು ಬೀಸಿ, ಆ ಪುಡಿಯನ್ನು ಹೆಚ್ಚು ನೀರಿನಲ್ಲಿ ಅರ್ಧ ತಾಸು ಕುದಿಸಿ ರಾತ್ರಿಯೆಲ್ಲ ಇಟ್ಟರೆ ಪ್ರೋಟೀನು, ನಾರು ಮೊದಲಾದವು ತಳದಲ್ಲಿ ಕೂರುತ್ತವೆ. ಮೇಲಿನ ತಿಳಿಯನ್ನು ಬಸಿದು ಅದಕ್ಕೆ ಎರಡರಷ್ಟು ಮದ್ಯಸಾರವನ್ನು ಹೊಯ್ದರೆ ಅಂಟು ಬಿಳಿಯ ಎಳೆಗಳಾಗಿ ಬೇರ್ಪಡುವುದು. ಒಣಗಿಸಿ ಪುಡಿ ಮಾಡಿದರೆ ಅದೇ ಶುದ್ಧ ವಸ್ತು. ಇದನ್ನು ರಸಾಯನಶಾಸ್ತ್ರದಲ್ಲಿ ಪಾಲಿಸ್ಯಾಕರೈಡ್ ಎನ್ನುವರು. ಅಂದರೆ ಬಹುಶರ್ಕರ, ಅನೇಕ ಸಕ್ಕರೆಗಳು ಕೂಡಿ ಆದದ್ದು.

ಈ ವಸ್ತುವಿನ ಪರೀಕ್ಷೆ ನಡೆದ ಜಾಗಗಳಲ್ಲೊಂದು ನಮ್ಮ ಪರೇಲಿನಿಂದ ದೂರವೇನೂ ಅಲ್ಲ. ದಾದರು ದಾಟಿದರೆ ಮಾಟುಂಗ. ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಹೋಗುವ ನಮ್ಮವರಿಗೆ ಆ ಕಡೆಯ ದಾರಿ ಗೊತ್ತೇ ಇದೆ. ಅಲ್ಲಿರುವ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಒಂದು ವಿಭಾಗವಾಗಿ ಹುಟ್ಟಿತು. ಗಿರಣಿಗಳ ಊರಾದುದರಿಂದ ಅಲ್ಲಿ ಮೊದಲು ಕಲಿಸಿದ ವಿಷಯಗಳಲ್ಲಿ ಜವಳಿ ರಸಾಯನವೂ ಒಂದು. ಆ ವಿಭಾಗದಲ್ಲಿ ಜಿ. ಆರ್. ಸಾವೂರ್ ಮತ್ತು ಎ. ಶ್ರೀನಿವಾಸನ್ ಎಂಬವರು ಹುಣಿಸೆಬೀಜದ ಬಹುಶರ್ಕರವನ್ನು ಬೇರ್ಪಡಿಸಿ, ಅದರ ಲಕ್ಷಣಗಳನ್ನು ಕುರಿತ ಲೇಖನವನ್ನು 1948ರಲ್ಲಿ ಅಮೇರಿಕದ ಜೀವರಸಾಯನ ಪತ್ರಿಕೆಯಲ್ಲಿ ಪ್ರಕಟಿಸಿದರು. ಡೆಹರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿಯೂ ಅದೇ ದಶಕದಲ್ಲಿ ಕೆಲಸ ನಡೆದಿತ್ತು. ಈ ಅಂಟು ಸಕ್ಕರೆಯೊಡನೆ ಕುದಿಸಿದರೆ ಪೇರಲಹಣ್ಣಿನ ಜೆಲ್ಲಿಯಂತೆ ಗಟ್ಟಿಯಾಗುತ್ತದೆ. ಅದನ್ನು ಕಂಡು ಇದು ಹಣ್ಣುಗಳಲ್ಲಿರುವ ಪೆಕ್ಟಿನ್ನೇ ಇರಬೇಕೆಂದು ಮೊದಲು ಎಣಿಸಿದವರಿದ್ದರು. ಪರೀಕ್ಷೆ ಬೇರೆಯನ್ನೇ ಹೇಳಿತು. ಪೆಕ್ಟಿನ್ನಿನ ಮುಖ್ಯ ಸಾಮಗ್ರಿಯಾದ ಆಮ್ಲ ಇದರಲ್ಲಿ ಇರಲಿಲ್ಲ. ಜೆಲ್ಲಿಯಾಗಲು ಹುಳಿಯೂ ಬೇಕಾಗಲಿಲ್ಲ. ನೋಟಕ್ಕೆ ಒಂದೇ ಆದರೂ ಕುಲ ಬೇರೆ. ಅದಕ್ಕಾಗಿ ಜೆಲ್ಲೋಸ್ ಎಂಬ ಹೊಸ ಹೆಸರೂ ಬಳಕೆಗೆ ಬಂತು.

ಈಗ ಕಟ್ಟಡದ ವಿಷಯ. ಇದು ಪಾಠದ ಮುಖ್ಯ ಭಾಗವಾದ್ದರಿಂದ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೋರುತ್ತೇವೆ.

ಬಹುಶರ್ಕರವನ್ನು ಆಮ್ಲದಲ್ಲಿ ಕುದಿಸಿದರೆ ಅದು ಒಡೆದು ಬಿಡಿ ಸಕ್ಕರೆಗಳಾಗುವುದು. ಹುಣಿಸೆಬೀಜದ ಅಂಟಿನಿಂದ ಮೂರು ಬಗೆಯ ಸಕ್ಕರೆ ಬಂದವು. ಮೊದಲನೆಯದು ಗ್ಲೂಕೋಸ್, ಅಂದರೆ ದ್ರಾಕ್ಷಾಸಕ್ಕರೆ. ಆಸ್ಪತ್ರೆಯಲ್ಲಿ ಬಾಟಲಿಯಿಂದ ನರಕ್ಕೆ ಏರಿಸುವುದು ಇದನ್ನೇ. ಎರಡನೆಯದು ಕ್ಸೈಲೋಸ್, ಕಟ್ಟಿಗೆಯಲ್ಲಿ ಹೇರಳವಾಗಿರುವ ಸಕ್ಕರೆ. ಮೂರನೆಯದು ಗ್ಯಾಲಕ್ಟೋಸ್, ಹಾಲಿನ ಸಕ್ಕರೆಯ ಅರ್ಧಭಾಗ. ಸುಮಾರಾಗಿ ನಾಲ್ಕು ಗ್ಲೂಕೋಸಿಗೆ ಮೂರು ಕ್ಸೈಲೋಸ್, ಒಂದೂವರೆಯಷ್ಟು ಗ್ಯಾಲಕ್ಟೋಸ್. ಆದರೆ ಇಷ್ಟು ತಿಳಿದರೆ ಇಟ್ಟಿಗೆ ಎಷ್ಟು, ಮರ ಎಷ್ಟು ಎಂದು ತಿಳಿದಂತಾಯಿತೇ ಹೊರತು ಮನೆ ಹೇಗಿದೆಯೆಂದು ತಿಳಿಯಲಿಲ್ಲ.

ಗ್ಲೂಕೋಸಿನ ಅಣುವಿನಲ್ಲಿ ಆರು ಇಂಗಾಲದ ಪರಮಾಣುಗಳಿವೆ. ಅವಕ್ಕೆ ಒಂದರಿಂದ ಆರರ ತನಕ ನಂಬರು ಕೊಟ್ಟಿದ್ದಾರೆ. ಐದು ಇಂಗಾಲ ಮತ್ತು ಒಂದು ಆಮ್ಲಜನಕ ಸೇರಿ ಉಂಗುರವಾಗುತ್ತವೆ. ಆರನೆಯ ಇಂಗಾಲ ಚಾಳಿನ ಖೋಲಿಯ ಗ್ಯಾಲರಿಯಂತೆ ಹೊರಗೆ ಚಾಚಿಕೊಂಡಿದೆ. ಒಂದು ಸಕ್ಕರೆ ಇನ್ನೊಂದನ್ನು ಹಿಡಿಯುವಾಗ ಸಾಮಾನ್ಯವಾಗಿ ತನ್ನ ಒಂದನೆಯ ನಂಬರಿನಿಂದ ಮತ್ತೊಂದರ ಯಾವುದಾದರೂ ನಂಬರನ್ನು ಹಿಡಿಯುತ್ತದೆ. ಹಿಡಿಯುವಾಗ ಒಂದು ನೀರಿನ ಅಣು ಹೊರಗೆ ಹೋಗುವುದು. ಕತ್ತರಿಸಬೇಕಾದರೆ ಆ ನೀರನ್ನು ಮತ್ತೆ ಕೊಡಬೇಕು.

ಅಕ್ಕಿಯ ಪಿಷ್ಟವೂ ಹತ್ತಿಯ ನಾರೂ ಬರಿಯ ಗ್ಲೂಕೋಸಿನ ಸರಪಳಿಗಳು. ಎರಡರಲ್ಲಿಯೂ ಒಂದನೆಯ ನಂಬರು ಮುಂದಿನದರ ನಾಲ್ಕನೆಯ ನಂಬರನ್ನು ಹಿಡಿದಿದೆ. ಹಾಗಾದರೆ ಅನ್ನವನ್ನು ಉಣ್ಣುತ್ತೇವೆ, ಧೋತರವನ್ನು ಏಕೆ ಉಣ್ಣಲಾಗದು? ವ್ಯತ್ಯಾಸ ಹಿಡಿತದ ದಿಕ್ಕಿನಲ್ಲಿದೆ. ಒಂದನೆಯ ಇಂಗಾಲದ ಕೈ ಉಂಗುರದ ಕೆಳಮುಖವಾಗಿ ಹಿಡಿದರೆ ಆಲ್ಫಾ ಹಿಡಿತ, ಮೇಲ್ಮುಖವಾಗಿ ಹಿಡಿದರೆ ಬೀಟಾ ಹಿಡಿತ. ಪಿಷ್ಟದ್ದು ಆಲ್ಫಾ, ಆದುದರಿಂದ ಸರಪಳಿ ಬಾಗಿ ಸುರುಳಿಯಾಗುತ್ತದೆ. ಹತ್ತಿಯ ಸೆಲ್ಯುಲೋಸಿನದು ಬೀಟಾ. ಅಲ್ಲಿ ಒಂದು ಬಿಟ್ಟು ಒಂದು ಉಂಗುರ ಮಗುಚಿ ಕೂತು ಸರಪಳಿ ನೇರವಾಗಿ ಹೋಗುತ್ತದೆ. ನಮ್ಮ ಎಂಜಲಿನಲ್ಲಿಯೂ ಕರುಳಿನಲ್ಲಿಯೂ ಇರುವ ಕತ್ತರಿ, ಅಂದರೆ ಕಿಣ್ವ, ಪಿಷ್ಟದ ಆಲ್ಫಾ ಹಿಡಿತವನ್ನು ಬಿಡಿಸಬಲ್ಲದು. ಅನ್ನವನ್ನು ಹೆಚ್ಚು ಹೊತ್ತು ಅಗಿದರೆ ಸಿಹಿಯಾಗುವುದು ಇದರಿಂದ. ಸೆಲ್ಯುಲೋಸಿನ ಬೀಟಾ ಹಿಡಿತದ ಮುಂದೆ ಆ ಕತ್ತರಿ ಕೆಲಸಕ್ಕೆ ಬಾರದು. ನೂಲನ್ನು ಬೆಳಗಿನಿಂದ ಸಂಜೆಯ ತನಕ ಅಗಿದರೂ ಸಿಹಿ ಬಾರದು.

ಹುಣಿಸೆಬೀಜದ ಅಂಟಿನ ಬೆನ್ನೆಲುಬು ಅಕ್ಕಿಯ ಕಡೆಯದೋ ಹತ್ತಿಯ ಕಡೆಯದೋ? ಹಿಂದಿನ ಸಸ್ಯಶಾಸ್ತ್ರಜ್ಞರು ಇಂಥ ಕೆಲವು ಬೀಜಗಳ ಜೀವಕೋಶದ ಗೋಡೆಗೆ ಅಯೋಡಿನ್ ಹಾಕಿ ನೋಡಿದಾಗ ಪಿಷ್ಟದಂತೆ ನೀಲಿ ಬಣ್ಣ ಬಂತು. ಆದುದರಿಂದ ಇದನ್ನು ಅಮೈಲಾಯ್ಡ್, ಪಿಷ್ಟದಂಥದು, ಎಂದು ಕರೆದರು. ಬಣ್ಣವನ್ನು ನಂಬಿದರೆ ಇದು ಅಕ್ಕಿಯ ಬಳಗ. ಒಳಹೊಕ್ಕು ನೋಡಿದಾಗ ತಿಳಿದುಬಂದದ್ದು, ಇದು ಹತ್ತಿಯ ಬಳಗದ್ದು!

ಒಳಹೊಕ್ಕು ನೋಡುವ ಉಪಾಯ ಬಹಳ ಜಾಣತನದ್ದು. ಗೋಡೆಗೆ ಒರಗಿಸಿದ ಕಪಾಟನ್ನು ಸರಿಸದೆಯೇ ಸುಣ್ಣ ಹೊಡೆದರೆ ಏನಾಗುವುದು? ಮುಂದೆ ಕಪಾಟನ್ನು ತೆಗೆದಾಗ ಸುಣ್ಣ ಹತ್ತದ ಜಾಗವೇ ಅದು ಎಲ್ಲಿ ನಿಂತಿತ್ತೆಂದು ಹೇಳುತ್ತದೆ. ಹಾಗೆಯೇ ಇಡೀ ಸರಪಳಿಗೆ ಮಿಥೈಲ್ ಎಂಬ ಗುಂಪನ್ನು ಹತ್ತಿಸುತ್ತಾರೆ. ಯಾವ ನಂಬರಿನ ಕೈ ಖಾಲಿಯಿದೆಯೋ ಅದಕ್ಕೆ ಮಿಥೈಲ್ ಹತ್ತುವುದು, ಇನ್ನೊಂದು ಸಕ್ಕರೆಯನ್ನು ಹಿಡಿದಿರುವ ಕೈಗೆ ಹತ್ತದು. ಆಮೇಲೆ ಸರಪಳಿಯನ್ನು ಒಡೆದು, ಬಿಡಿ ಸಕ್ಕರೆಗಳಲ್ಲಿ ಯಾವ ಯಾವ ನಂಬರಿಗೆ ಮಿಥೈಲ್ ಹತ್ತಿಲ್ಲವೆಂದು ನೋಡುತ್ತಾರೆ. ಹುಣಿಸೆಬೀಜದ ವಸ್ತುವಿನ ಮೇಲೆ ಈ ಬಗೆಯ ಕೆಲಸವನ್ನು ಇ. ವಿ. ವೈಟ್ ಮತ್ತು ಪಿ. ಎಸ್. ರಾವ್ 1953ರಲ್ಲಿ ಪ್ರಕಟಿಸಿದರು. ಮುಂದಿನವರು ಅದನ್ನು ತಿದ್ದಿ ಬೆಳೆಸಿದರು. ಈಗ ಎಲ್ಲರೂ ಒಪ್ಪಿರುವುದು ಹೀಗೆ: ಗ್ಲೂಕೋಸುಗಳು ಒಂದು ನಾಲ್ಕರ ಬೀಟಾ ಹಿಡಿತದಲ್ಲಿ, ಥೇಟು ಹತ್ತಿಯಂತೆಯೇ, ನೇರ ಸಾಲಿನಲ್ಲಿವೆ. ಅವುಗಳಲ್ಲಿ ಬಹುಪಾಲಿನ ಆರನೆಯ ನಂಬರಿಗೆ, ಆ ಗ್ಯಾಲರಿಗೆ, ಒಂದೊಂದು ಕ್ಸೈಲೋಸ್ ನೇತುಬಿದ್ದಿದೆ. ಈ ಹಿಡಿತ ಮಾತ್ರ ಆಲ್ಫಾ. ಕೆಲವು ಕ್ಸೈಲೋಸುಗಳ ಎರಡನೆಯ ನಂಬರಿಗೆ ಮತ್ತೆ ಒಂದು ಗ್ಯಾಲಕ್ಟೋಸ್ ಬೀಟಾ ಹಿಡಿತದಲ್ಲಿ ಜೋತಿದೆ. ಆದುದರಿಂದ ಈ ವಸ್ತುವಿಗೆ ಕ್ಸೈಲೋಗ್ಲೂಕನ್ ಎಂದು ಹೆಸರು.

ಕೊಂಬೆಗಳು ಎಲ್ಲೆಂದರಲ್ಲಿ ಹರಡಿವೆಯೆ, ಅಥವಾ ಒಂದು ಕ್ರಮವುಂಟೆ? ಇದಕ್ಕೆ ಉತ್ತರ ಸಿಕ್ಕಿದ್ದು ಕಿಣ್ವಗಳಿಂದ. ಸೆಲ್ಯುಲೋಸನ್ನು ಕತ್ತರಿಸುವ ಬೂಷ್ಟಿನ ಕಿಣ್ವ ಕೊಂಬೆಯಿಲ್ಲದ ಗ್ಲೂಕೋಸ್ ಸಿಕ್ಕಿದಲ್ಲಿ ಮಾತ್ರ ಇದನ್ನು ಕಡಿಯುತ್ತದೆ. 1961ರಲ್ಲಿ ಹಾಲೆಂಡಿನ ಪಿ. ಕೂಯ್ಮನ್ ಹುಣಿಸೆಬೀಜದ ವಸ್ತುವನ್ನು ಕಿಣ್ವದಿಂದ ಕಡಿದು ಬಂದ ತುಂಡುಗಳನ್ನು ಪರೀಕ್ಷಿಸಿದನು. ತುಂಡುಗಳು ಏಳು, ಎಂಟು, ಒಂಬತ್ತು ಸಕ್ಕರೆಗಳವು. ಅರ್ಥವೇನೆಂದರೆ, ಸಾಲಿನಲ್ಲಿ ನಾಲ್ಕು ಗ್ಲೂಕೋಸಿಗೆ ಒಂದು ಗುಂಪು. ಮೂರಕ್ಕೆ ಕ್ಸೈಲೋಸ್ ಉಂಟು, ನಾಲ್ಕನೆಯದು ಬರಿದು. ಅಲ್ಲಿಗೆ ಏಳಾಯಿತು. ಅದರ ಮೇಲೆ ಒಂದು ಗ್ಯಾಲಕ್ಟೋಸ್ ಇದ್ದರೆ ಎಂಟು, ಎರಡಿದ್ದರೆ ಒಂಬತ್ತು. ಗುಂಪುಗಳಲ್ಲಿ ಸುಮಾರು ಅರ್ಧ ಒಂಬತ್ತರವು. ಹೀಗೆ ನೂರಾರು ಗುಂಪುಗಳು ಒಂದರ ಬಾಲಕ್ಕೊಂದು ಕೂಡಿ ಒಂದು ಅಣುವಾಗುತ್ತದೆ. ಹಾಸಿನಲ್ಲಿ ಪಟ್ಟೆ ಬಿದ್ದಂತೆ, ಮೂರು ಎಳೆ ಬಣ್ಣ ಒಂದು ಎಳೆ ಬಿಳಿ, ಮತ್ತೆ ಮೂರು ಬಣ್ಣ ಒಂದು ಬಿಳಿ! ಬೀಜದೊಳಗೆ ಮಗ್ಗವೂ ಇಲ್ಲ, ಜಾಬರನೂ ಇಲ್ಲ.

ಬೆನ್ನೆಲುಬು ಹತ್ತಿಯದೇ ಆಗಿರುವಾಗ, ಹತ್ತಿ ನೀರಿನಲ್ಲಿ ಕರಗದು, ಇದೇಕೆ ಗಂಜಿಯಾಗುತ್ತದೆ? ಕಬ್ಬಿನ ಜಲ್ಲೆಗಳನ್ನು ಗಾಡಿಗೆ ಒಟ್ಟಿದರೆ ಒಂದರ ಮಗ್ಗುಲಿಗೊಂದು ಬಿಗಿಯಾಗಿ ಕೂತು ನಡುವೆ ಸಂದೇ ಉಳಿಯದು. ಜಾಲಿಯ ಕೊಂಬೆಗಳನ್ನು ಒಟ್ಟಿ ನೋಡಿ, ಒಳಗೆ ಬೆಕ್ಕು ನುಸುಳುವಷ್ಟು ಜಾಗ ಇರುತ್ತದೆ. ಹತ್ತಿಯ ಸರಪಳಿಗಳು ಜಲ್ಲೆಗಳು, ಹುಣಿಸೆಬೀಜದವು ಜಾಲಿಯ ಕೊಂಬೆಗಳು. ಸಂದಿಗೆಲ್ಲ ನೀರು ನುಗ್ಗುತ್ತದೆ, ಅಂಟು ಉಬ್ಬುತ್ತದೆ. ಇದು ಬರಿಯ ಉಪಮೆಯಲ್ಲ. ಕಿಣ್ವದಿಂದ ಗ್ಯಾಲಕ್ಟೋಸುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿ ತೆಗೆದರೆ, ಉಳಿದ ಸರಪಳಿಗಳು ಬೆಚ್ಚಗೆ ಮಾಡಿದಾಗ ಒಂದಕ್ಕೊಂದು ಹತ್ತಿ ಜೆಲ್ಲಿಯಾಗುವುದನ್ನೂ, ತಣಿಸಿದಾಗ ಮತ್ತೆ ನೀರಾಗುವುದನ್ನೂ ಕಂಡಿದ್ದಾರೆ. ಸಾಮಾನ್ಯ ಜೆಲ್ಲಿಯ ಗುಣಕ್ಕೆ ಇದು ತೀರ ತಲೆಕೆಳಗು.

ಗಿರಣಿಯ ಗಂಜಿಗೆ ಈ ಕಟ್ಟಡ ಬಹಳ ಒಪ್ಪುವಂಥದು. ಮಗ್ಗದಲ್ಲಿ ಹಾಸಿನ ಎಳೆಗಳು ಉಜ್ಜಿ ಉಜ್ಜಿ ಹರಿಯದಂತೆ ಅವುಗಳ ಮೇಲೆ ಪೊರೆ ಬೇಕು, ಆ ಪೊರೆ ನೂಲನ್ನು ಬಿಡದೆ ಹಿಡಿಯಬೇಕು. ಬೆನ್ನೆಲುಬು ಒಂದೇ ಬಗೆಯದಾದುದರಿಂದ ಈ ಸರಪಳಿ ಹತ್ತಿಯ ಸರಪಳಿಯ ಮಗ್ಗುಲಿಗೆ ದಾಯಾದಿಯಂತೆ ಒತ್ತಿ ಮಲಗುತ್ತದೆ. ಗಿಡಗಳ ಜೀವಕೋಶದ ಗೋಡೆಯಲ್ಲಿಯೂ ಕ್ಸೈಲೋಗ್ಲೂಕನ್ ಸೆಲ್ಯುಲೋಸಿಗೆ ಹೀಗೆಯೇ ಅಂಟಿಕೊಂಡಿರುತ್ತದೆ. ಅನುಕೂಲವೇ ಮುಂದೆ ತೊಡಕೂ ಆಯಿತು. ನೇಯ್ದ ಬಟ್ಟೆಯಿಂದ ಪಿಷ್ಟದ ಗಂಜಿಯನ್ನು ತೆಗೆಯಲು ಅಮೈಲೇಸ್ ಎಂಬ ಕಿಣ್ವದಲ್ಲಿ ನೆನೆಹಾಕುವುದು ವಾಡಿಕೆ. ಆ ಕಿಣ್ವ ಆಲ್ಫಾ ಹಿಡಿತದ ಕತ್ತರಿ, ಹುಣಿಸೆಬೀಜದ ಗಂಜಿಯ ಬೆನ್ನೆಲುಬನ್ನು ಅದು ಮುಟ್ಟದು. ಬೀಟಾ ಹಿಡಿತವನ್ನು ಕಡಿಯುವ ಕಿಣ್ವವನ್ನು ಹಾಕೋಣವೆಂದರೆ ಬಟ್ಟೆಯೂ ಅದೇ ಬೀಟಾ ಹಿಡಿತದ್ದು!

ಇಲ್ಲಿಗೆ ಮೊಣಕಾಲಿನ ಪ್ರಶ್ನೆಯ ಉತ್ತರವೂ ಬಂದಂತಾಯಿತು. ಅಮೈಲೇಸ್ ನಮ್ಮ ಎಂಜಲಿನಲ್ಲಿರುವುದೇ. ಬಟ್ಟೆಯ ಮೇಲೆ ಅದು ಮಾಡಲಾರದ್ದನ್ನು ಹೊಟ್ಟೆಯಲ್ಲಿಯೂ ಮಾಡಲಾರದು. ಬಾಯಿ, ಜಠರ, ಸಣ್ಣ ಕರುಳು ಇವುಗಳಲ್ಲಿ ಎಲ್ಲಿಯೂ ಈ ಸರಪಳಿಯನ್ನು ಬಿಡಿಸುವ ನಮ್ಮದೇ ಆದ ಕತ್ತರಿಯಿಲ್ಲ. ಬಿಡಿ ಸಕ್ಕರೆಯಾಗದೆ ಸಣ್ಣ ಕರುಳಿನ ಗೋಡೆ ಅದನ್ನು ರಕ್ತಕ್ಕೆ ಬಿಡದು. ಸಾವಿರಾರು ಸಕ್ಕರೆಗಳ ಸರಪಳಿ ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಕಾದಿರುವ ಸೂಕ್ಷ್ಮಜೀವಿಗಳಲ್ಲಿ ಕೆಲವಕ್ಕೆ ಬೇಕಾದ ಕತ್ತರಿಗಳ ಪೆಟ್ಟಿಗೆಯೇ ಇದೆ. ಬ್ಯಾಕ್ಟೀರಾಯ್ಡಿಸ್ ಓವಾಟಸ್ ಎಂಬ ಜೀವಿ ಈ ಕೆಲಸವನ್ನು ಹಂತಹಂತವಾಗಿ ಹೇಗೆ ಮಾಡುತ್ತದೆಂಬುದನ್ನು 2014ರಲ್ಲಿ ವಿವರವಾಗಿ ತೋರಿಸಿದರು. ಅವು ಸರಪಳಿಯನ್ನು ತಿಂದು ಸಣ್ಣ ಆಮ್ಲಗಳನ್ನು ಹೊರಗೆ ಬಿಡುತ್ತವೆ. ಬೀಜದ ಅಂಟು ಅಂಟಾಗಿಯೇ ಮೊಣಕಾಲಿನ ಕೀಲಿಗೆ ತಲಪುವ ದಾರಿ ಈ ಪ್ರಯಾಣದಲ್ಲಿ ಎಲ್ಲಿಯೂ ಇಲ್ಲ. ಸಿಪ್ಪೆಯಲ್ಲಿರುವ ಬೇರೆ ವಸ್ತುಗಳನ್ನು ಇಲಿಗಳಿಗೆ ಕೊಟ್ಟು ಊತ, ನೋವು ಕಡಿಮೆಯಾಗುವುದೋ ಎಂದು ನೋಡಿದವರಿದ್ದಾರೆ. ಅದು ಬೇರೆಯೇ ಪ್ರಶ್ನೆ. ಎಣ್ಣೆ ಬಿಟ್ಟಂತೆ ಎಂಬ ಮಾತಿಗೆ ಅದರಿಂದ ಆಧಾರ ಸಿಕ್ಕುವುದಿಲ್ಲ. ಮೊಣಕಾಲು ನೋಯುವವರು ಕೆ. ಇ. ಎಂ. ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಿ ತೋರಿಸಿಕೊಳ್ಳುವುದು ಲೇಸು. ಸರದಿ ಉದ್ದವಿರುತ್ತದೆ, ಅದು ನಮಗೂ ಗೊತ್ತು. ಸಕ್ಕರೆ ಕಾಯಿಲೆಗೆ ಈ ಪುಡಿಯೇ ಸಾಕೆಂದು ಮಾತ್ರೆ ಬಿಟ್ಟವರು ಯಾರಾದರೂ ಇದ್ದರೆ, ದಯವಿಟ್ಟು ನಾಳೆಯೇ ವೈದ್ಯರನ್ನು ಕಾಣಬೇಕು.

ಹಾಗೆಂದು ಇದಕ್ಕೆ ಮದ್ದಿನ ಗುಣವೇ ಇಲ್ಲವೆನ್ನಲಾಗದು. ಕಟ್ಟಡ ಏನನ್ನು ಮಾಡಬಲ್ಲುದೋ ಅದನ್ನು ಮಾಡುತ್ತದೆ. ನೀರನ್ನು ಹಿಡಿದಿಡುವುದು, ಒದ್ದೆಯಾದ ಮೈಗೆ ತೆಳುವಾಗಿ ಅಂಟಿಕೊಳ್ಳುವುದು, ಇವು ಅದರ ಗುಣಗಳು. ಆದುದರಿಂದ ತಲಪಿಸಬೇಕಾದ ಜಾಗಕ್ಕೆ ನೇರವಾಗಿ ಹಾಕಿದಾಗ ಫಲ ಕಾಣುತ್ತದೆ. ಕಣ್ಣೀರು ಸಾಲದೆ ಕಣ್ಣು ಒಣಗುವವರಿಗೆ ಶುದ್ಧ ಮಾಡಿದ ಈ ಬಹುಶರ್ಕರದ ಹನಿಗಳನ್ನು ಇಟಲಿಯಲ್ಲಿ ಪರೀಕ್ಷಿಸಿ, ಉರಿ ಮೊದಲಾದ ಬಾಧೆಗಳಲ್ಲಿ ಉಪಶಮನವಾಯಿತೆಂದು 2007ರಲ್ಲಿ ಪ್ರಕಟಿಸಿದರು. ಅದು ಚಿಕ್ಕ ಪರೀಕ್ಷೆ, ಆದರೂ ಅಂಥ ಹನಿಗಳು ಈಗ ಬಳಕೆಯಲ್ಲಿವೆ. ಕಣ್ಣಿನ ಮೇಲಿನ ಸಹಜವಾದ ಲೋಳೆಯ ಅಣುವೂ ಹೀಗೆಯೇ ಕೊಂಬೆಕೊಂಬೆಯಾಗಿರುವುದರಿಂದ ಇದು ಅಲ್ಲಿ ನಿಲ್ಲುತ್ತದೆ. ಮನೆಯಲ್ಲಿ ಕುದಿಸಿದ ಗಂಜಿಯನ್ನು ಮಾತ್ರ ಯಾರೂ ಕಣ್ಣಿಗೆ ಹಾಕಬಾರದು. ಕ್ರಿಮಿ ಸೇರಿದ ಗಂಜಿಯಿಂದ ಕಣ್ಣೇ ಹೋದೀತು. ಔಷಧದಂಗಡಿಯ ಇಸಬಗೋಲಿನ ಹೊಟ್ಟೂ ಇದೇ ಜಾತಿಯ ಮದ್ದು. ಅದರ ಬೆನ್ನೆಲುಬು ಗ್ಲೂಕೋಸಿನದಲ್ಲ, ಕ್ಸೈಲೋಸಿನದು, ಹಿಡಿತ ಮಾತ್ರ ಬೀಟಾ. ನಾವು ಅರಗಿಸಲಾರೆವು, ನೀರು ಕುಡಿದು ಉಬ್ಬುತ್ತದೆ, ಮಲ ಸಡಿಲಾಗುತ್ತದೆ. ಅರಗದಿರುವುದೇ ಅಲ್ಲಿ ಉಪಕಾರ. ಜೊತೆಗೆ ನೀರನ್ನು ಧಾರಾಳವಾಗಿ ಕುಡಿಯಬೇಕು.

ಕಣ್ಣಾರೆ ನೋಡಬಯಸುವವರಿಗೆ ಒಂದು ಸುಲಭವಾದ ಪ್ರಯೋಗ. ಹುರಿದು ಸಿಪ್ಪೆ ತೆಗೆದ ಹತ್ತು ಹನ್ನೆರಡು ಬೀಜಗಳನ್ನು ಕುಟ್ಟಿ ಪುಡಿ ಮಾಡಿ, ಎರಡು ಲೋಟ ನೀರಿನಲ್ಲಿ ಕಲಸುತ್ತ ಅರ್ಧ ತಾಸು ಕುದಿಸಿ, ಮುಚ್ಚಿ ರಾತ್ರಿ ಬಿಡಿ. ಬೆಳಿಗ್ಗೆ ಕದಡದೆ ಮೇಲಿನ ತಿಳಿಯನ್ನು ಗಾಜಿನ ಲೋಟಕ್ಕೆ ಸ್ವಲ್ಪ ಬಸಿದುಕೊಳ್ಳಿ. ಗಾಯ ಒರೆಸಲು ಔಷಧದಂಗಡಿಯಲ್ಲಿ ಮಾರುವ ಸ್ಪಿರಿಟ್ಟನ್ನು ತಿಳಿಯ ಎರಡರಷ್ಟು ಅಳೆದು, ಒಲೆಯಿಂದ ದೂರದಲ್ಲಿ, ಮೆಲ್ಲಗೆ ಹೊಯ್ಯಿರಿ. ಅದು ಬೇಗ ಹೊತ್ತಿಕೊಳ್ಳುವ ವಸ್ತು, ಕಿಟಕಿ ತೆರೆದಿರಲಿ, ಬೀಡಿಯವರು ಹತ್ತಿರ ಬಾರದಿರಲಿ. ಲೋಟದೊಳಗೆ ಬಿಳಿಯ ಎಳೆಗಳು ಹುಟ್ಟಿ ಒಂದಕ್ಕೊಂದು ಸುತ್ತಿಕೊಳ್ಳುತ್ತವೆ. ಕಡ್ಡಿಯಿಂದ ಎತ್ತಿದರೆ ಒದ್ದೆ ನೂಲಿನಂತೆ ಬರುತ್ತವೆ. ಅದನ್ನು ತಿನ್ನಬೇಡಿ, ಒಣಗಿಸಿ ಕಾಗದದಲ್ಲಿ ಮಡಿಸಿ ವಾಚನಾಲಯಕ್ಕೆ ತಂದರೆ ಮೇಜಿನ ಮೇಲಿಟ್ಟು ಎಲ್ಲರೂ ನೋಡಬಹುದು.